ಹಳೆಯ ಯಂತ್ರದ ವ್ಯವಹಾರದಲ್ಲಿ ವಿವೇಕ

ನಮ್ಮ ಅಕ್ಕಲಕೋಟ, ಜತ್ತ ಸೀಮೆಯ ಒಕ್ಕಲು ಮನೆಗಳಲ್ಲಿ ಎತ್ತಿನ ಜೋಡಿಯ ಕೆಲಸವನ್ನು ಬಹುಮಟ್ಟಿಗೆ ಟ್ರ್ಯಾಕ್ಟರು ವಹಿಸಿಕೊಂಡಿದೆ. ಹೊಸದನ್ನು ಕೊಳ್ಳುವಷ್ಟು ಹಣವು ಎಲ್ಲರಲ್ಲಿಯೂ ಇರುವುದಿಲ್ಲವಾದುದರಿಂದ ಹಳೆಯದನ್ನು ಕೊಳ್ಳುವುದು ಯೋಗ್ಯವೇ ಸರಿ. ಆದರೆ ಅಗ್ಗಕ್ಕೆ ದೊರೆತ ಯಂತ್ರವು ಕಳವಿನದಾಗಿದ್ದರೆ ಹಲವು ವರುಷಗಳ ಉಳಿತಾಯವು ಒಂದೇ ದಿನದಲ್ಲಿ ಹೋಗುವುದು. ಆದಕಾರಣ ಈ ವಿಷಯವನ್ನು ವಿದ್ಯಾರ್ಥಿಗಳೂ ಪಾಲಕರೂ ಕೂಡಿಯೇ ಅರಿತುಕೊಳ್ಳಬೇಕು.

ಕಾಯಿದೆ ಏನೆನ್ನುತ್ತದೆ?

ತನ್ನದಲ್ಲದುದನ್ನು ಮಾರಿದವನಿಂದ ಕೊಂಡವನಿಗೆ ಒಡೆತನವು ಬಾರದೆಂಬುದು 1930ರ ಸರಕು ಮಾರಾಟ ಕಾಯಿದೆಯ ಮೂಲತತ್ತ್ವ. ಕಳವಿನ ಯಂತ್ರವು ನಾಲ್ಕು ಕೈ ದಾಟಿ ಬಂದರೂ ಮೂಲದ ಒಡೆಯನದೇ. ಪೊಲೀಸರು ಅದನ್ನು ವಶಪಡಿಸಿಕೊಳ್ಳಬಹುದು. ಕೊಂಡವನು ತನ್ನ ಹಣಕ್ಕಾಗಿ ಮಾರಿದವನನ್ನು ಹುಡುಕಿಕೊಂಡು ಹೋಗಬೇಕಾಗುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 317ನೆಯ ಕಲಮಿನಂತೆ, ಕಳವಿನದೆಂದು ತಿಳಿದೋ ಅಥವಾ ಹಾಗೆ ನಂಬಲು ಕಾರಣವಿದ್ದೋ ಅಪ್ರಾಮಾಣಿಕವಾಗಿ ವಸ್ತುವನ್ನು ಪಡೆದವನಿಗೆ 3 ವರುಷಗಳವರೆಗಿನ ಸೆರೆಮನೆವಾಸ, ಇಲ್ಲವೆ ದಂಡ, ಇಲ್ಲವೆ ಎರಡೂ ಉಂಟು. ‘ನಂಬಲು ಕಾರಣವಿದ್ದು’ ಎಂಬ ಮಾತನ್ನು ಚೆನ್ನಾಗಿ ಗಮನಿಸಿರಿ. ಪೇಟೆಯ ಅರ್ಧ ಬೆಲೆಗೆ, ಕಾಗದಪತ್ರವಿಲ್ಲದೆ, ಕತ್ತಲಲ್ಲಿ ನಡೆಯುವ ವ್ಯವಹಾರವೇ ಸಂದೇಹಕ್ಕೆ ಸಾಕಾದ ಕಾರಣ.

ಪರೀಕ್ಷಿಸುವ ಕ್ರಮ

ಮೊದಲು ಬೆಲೆಯನ್ನಲ್ಲ, ಸಂಖ್ಯೆಯನ್ನು ನೋಡಬೇಕು. ಟ್ರ್ಯಾಕ್ಟರಿನ ಚಾಸಿ ನಂಬರು, ಇಂಜಿನ್ ನಂಬರುಗಳು ಲೋಹದಲ್ಲಿ ಒತ್ತಲ್ಪಟ್ಟಿರುತ್ತವೆ. ಧೂಳನ್ನು ಒರೆಸಿ, ಆರ್.ಸಿ. ಪುಸ್ತಕದೊಡನೆ ಒಂದೊಂದು ಅಂಕೆಯನ್ನೂ ಹೋಲಿಸತಕ್ಕದ್ದು. ಅಂಕೆಗಳು ಏರುಪೇರಾಗಿದ್ದರೆ, ಅರದಿಂದ ಉಜ್ಜಿದ ಗುರುತಿದ್ದರೆ, ಆ ಸ್ಥಳಕ್ಕೆ ಮಾತ್ರ ಹೊಸ ಬಣ್ಣ ಬಳಿದಿದ್ದರೆ, ಅಲ್ಲಿಗೇ ಮಾತು ನಿಲ್ಲಿಸುವುದು ಲೇಸು.

ಬಳಿಕ ಮಾರುವವನ ಗುರುತಿನ ಚೀಟಿಯನ್ನು ನೋಡಿ, ಆರ್.ಸಿ.ಯಲ್ಲಿರುವ ಹೆಸರು ಅವನದೇ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ನೋಂದಣಿಯ ವಿವರವನ್ನು ಪರಿವಾಹನ್ ಜಾಲತಾಣದಲ್ಲಿ ಪರಿಶೀಲಿಸಬಹುದು. ಕಳವಾದುದೆಂದು ಪೊಲೀಸರಲ್ಲಿ ದಾಖಲಾದ ವಾಹನಗಳ ಮಾಹಿತಿಯನ್ನು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಜಾಲತಾಣದಲ್ಲಿ ನೋಡಬಹುದು. ಅಲ್ಲಿ ದಾಖಲೆಯಿಲ್ಲವೆಂದ ಮಾತ್ರಕ್ಕೆ ನಿಶ್ಚಿಂತೆಯಿಂದ ಇರಲಾಗದು. ನಿನ್ನೆ ಕಳವಾದ ವಾಹನದ ದೂರು ಇನ್ನೂ ದಾಖಲಾಗದೆ ಇರಬಹುದು. ಬ್ಯಾಂಕಿನ ಸಾಲವಿದ್ದರೆ ಅದು ಆರ್.ಸಿ.ಯಲ್ಲಿ ನಮೂದಾಗಿರುತ್ತದೆ, ಸಾಲ ತೀರಿ ಆ ನಮೂದು ತೆಗೆಯಲ್ಪಡುವವರೆಗೆ ಹಣ ಕೊಡಲಾಗದು.

ಗಡಿನಾಡಿನ ನಮಗೆ ಇನ್ನೊಂದು ಮಾತು ಮುಖ್ಯ. ಇಂಡಿ ಅಥವಾ ಆಳಂದದಿಂದ ಕೊಂಡ ಕರ್ನಾಟಕದ ಟ್ರ್ಯಾಕ್ಟರಿಗೆ ಅಲ್ಲಿಯ ಆರ್.ಟಿ.ಓ. ಕಚೇರಿಯ ಎನ್.ಓ.ಸಿ. ಬೇಕು. ‘ಪತ್ರ ಆ ರಾಜ್ಯದಲ್ಲಿದೆ, ಆಮೇಲೆ ತರುವೆ’ ಎಂಬ ಮಾತಿಗೆ ಮುಂಗಡ ಹಣವನ್ನೂ ಕೊಡಬಾರದು. ಕನ್ನಡವನ್ನೂ ಮರಾಠಿಯನ್ನೂ ಓದಬಲ್ಲ ನಮ್ಮ ಮಕ್ಕಳು ಇಲ್ಲಿ ಹಿರಿಯರಿಗೆ ಕಣ್ಣಾಗಬೇಕು.

ಬಾವಿಯ ಮೋಟಾರು, ಪಂಪುಗಳಿಗೆ ನೋಂದಣಿಯಿಲ್ಲ. ಒಳಗಿನ ತಾಮ್ರದ ತಂತಿಯ ಆಸೆಗಾಗಿ ಕಳ್ಳರು ಅವನ್ನು ಒಯ್ಯುವುದುಂಟು. ಮೋಟಾರಿನ ಮೇಲಿನ ನಂಬರಿನ ತಗಡು ಕಿತ್ತುಹೋಗಿದ್ದರೆ, ಮೂಲ ರಸೀದಿಯೂ ಇಲ್ಲದಿದ್ದರೆ, ಅಂಥದನ್ನು ಮುಟ್ಟದಿರುವುದೇ ಜಾಣತನ.

ಮಾರುವವರ ಹೊಣೆ

ಮಾರಿದವನು ಅದೇ ರಾಜ್ಯದೊಳಗಾದರೆ 14 ದಿನಗಳಲ್ಲಿ, ಕೊಂಡವನು 30 ದಿನಗಳಲ್ಲಿ ಹಸ್ತಾಂತರವನ್ನು ಆರ್.ಟಿ.ಓ. ಕಚೇರಿಗೆ ತಿಳಿಸಬೇಕೆಂದು 1988ರ ಮೋಟಾರು ವಾಹನ ಕಾಯಿದೆ ವಿಧಿಸುತ್ತದೆ. ಹೆಸರು ಬದಲಾಗದಿದ್ದರೆ, ಮಾರಿದ ಮೇಲಾದ ಅಪಘಾತದ ಪರಿಹಾರಕ್ಕೂ ನೋಂದಣಿಯಲ್ಲಿರುವ ಒಡೆಯನೇ ಹೊಣೆಯೆಂದು ಸುಪ್ರೀಂ ಕೋರ್ಟು 2018ರಲ್ಲಿ ತೀರ್ಪಿತ್ತಿದೆ. ಹಣವನ್ನು ಬ್ಯಾಂಕಿನ ಮೂಲಕವೇ ಪಡೆದು, ಎರಡು ಸಾಕ್ಷಿಗಳ ರುಜುವಿನೊಡನೆ ಕರಾರುಪತ್ರ ಬರೆದಿಡುವುದು ಇಬ್ಬರಿಗೂ ಕ್ಷೇಮ.

ಕೊಂಡ ಮೇಲೆ ಸಂದೇಹ ಬಂದರೆ ಗುಟ್ಟಾಗಿ ಮತ್ತೊಬ್ಬರಿಗೆ ಮಾರುವುದು ತನ್ನ ನಷ್ಟವನ್ನು ನೆರೆಯವನ ತಲೆಗೆ ಕಟ್ಟಿದಂತೆ, ತಾನೂ ಅಪರಾಧಿಯಾದಂತೆ. ಕಾಗದಪತ್ರಗಳೊಡನೆ ಪೊಲೀಸ್ ಠಾಣೆಗೆ ಹೋಗುವುದೇ ನೇರವಾದ ದಾರಿ. ಕಳೆದುಕೊಂಡವನೂ ನಮ್ಮಂತೆಯೇ ಒಬ್ಬ ಒಕ್ಕಲಿಗ. ಬಿತ್ತನೆಯ ಹೊತ್ತಿಗೆ ಟ್ರ್ಯಾಕ್ಟರು ಹೋದ ಮನೆಯ ಸಂಕಟವನ್ನು ನೆನೆಯಬೇಕು. ಕೊಳ್ಳುವವರಿಲ್ಲದಿದ್ದರೆ ಕದ್ದ ಮಾಲಿಗೆ ಬೆಲೆಯೆಲ್ಲಿಯದು?

ಅಭ್ಯಾಸ

1. ನಿಮ್ಮ ಮನೆಯ ಯಂತ್ರಗಳ ನಂಬರುಗಳನ್ನು ವಹಿಯಲ್ಲಿ ಬರೆದು, ರಸೀದಿಗಳೊಡನೆ ಜೋಪಾನವಾಗಿಡಿರಿ.
2. ಆರ್.ಸಿ. ಪುಸ್ತಕದ ಒಂದೊಂದು ಕಲಮಿನ ಅರ್ಥವನ್ನೂ ಮನೆಯವರಿಗೆ ಓದಿ ಹೇಳಿರಿ.
3. ಕಳವಿನ ವಸ್ತುವನ್ನು ಅರಿಯದೆ ಕೊಂಡವನಿಗೂ ಅದರ ಒಡೆತನ ಬಾರದೇಕೆ? ಐದು ವಾಕ್ಯಗಳಲ್ಲಿ ಬರೆಯಿರಿ.