ವ್ಯವಹಾರದಲ್ಲಿ ಹೆಸರಿನ ಬೆಲೆ

ವಾಣಿಜ್ಯ ಶಾಸ್ತ್ರದಲ್ಲಿ ಕೀರ್ತಿಮೌಲ್ಯವೆಂಬ ಪರಿಭಾಷೆಯೊಂದುಂಟು. ಕಟ್ಟಡ, ಯಂತ್ರ, ಸರಕುಗಳನ್ನು ಎಣಿಸಿ ಅಢಾವೆ ಪತ್ರಿಕೆಯಲ್ಲಿ ನಮೂದಿಸಬಹುದು. ಆದರೆ ಸಂಸ್ಥೆಯು ತಾನಾಗಿ ಗಳಿಸಿದ ಹೆಸರನ್ನು ಹಾಗೆ ನಮೂದಿಸುವ ಪದ್ಧತಿಯಿಲ್ಲ. ಅದನ್ನು ಮತ್ತೊಬ್ಬರು ಕೊಂಡಾಗ, ನಿವ್ವಳ ಆಸ್ತಿಗಿಂತ ಹೆಚ್ಚಾಗಿ ತೆತ್ತ ಹಣವೇ ಕೀರ್ತಿಮೌಲ್ಯವೆನಿಸಿ ಲೆಕ್ಕಕ್ಕೆ ಬರುತ್ತದೆ. ಲೆಕ್ಕದ ಪುಸ್ತಕದಲ್ಲಿ ಕಾಣದ ಈ ಸಂಪತ್ತಿನ ಮಹತ್ವವಾದರೂ ಏನು?

ಗುಳಿಗೆ ನುಂಗುವವನು ಅದನ್ನು ಪರೀಕ್ಷಿಸಿ ನುಂಗುವುದಿಲ್ಲ. ಷೇರು ಕೊಳ್ಳುವವನು ಕಂಪನಿಯ ತಿಜೋರಿಯನ್ನು ತೆರೆದು ನೋಡುವುದಿಲ್ಲ. ಇಬ್ಬರೂ ಹೆಸರನ್ನು ನಂಬುತ್ತಾರೆ. ತಿಳಿಯಲಾಗದ ಕಡೆ ನಂಬಿಕೆಯೇ ವ್ಯವಹಾರವನ್ನು ನಡೆಸುತ್ತದೆ.

1982ರ ಸೆಪ್ಟೆಂಬರ್ ಕೊನೆಯಲ್ಲಿ ಅಮೆರಿಕದ ಷಿಕಾಗೋ ಪ್ರದೇಶದಲ್ಲಿ ಟೈಲೆನಾಲ್ ಎಂಬ ನೋವುನಿವಾರಕ ಕ್ಯಾಪ್ಸೂಲುಗಳನ್ನು ಸೇವಿಸಿದ ಏಳು ಮಂದಿ ಸಯನೈಡ್ ವಿಷದಿಂದ ಮೃತರಾದರು. ವಿಷವು ಬೆರೆತದ್ದು ಕಾರ್ಖಾನೆಯಲ್ಲಲ್ಲ, ಸರಕು ಅಂಗಡಿಗಳನ್ನು ಸೇರಿದ ಬಳಿಕ ಎಂದು ತನಿಖೆಗಾರರು ತೀರ್ಮಾನಿಸಿದರು. ಆದರೂ ತಯಾರಕರಾದ ಜಾನ್ಸನ್ ಅಂಡ್ ಜಾನ್ಸನ್ ಸಂಸ್ಥೆಯವರು, ತಪ್ಪು ತಮ್ಮದಲ್ಲವೆಂದು ಕೈತೊಳೆದುಕೊಳ್ಳಲಿಲ್ಲ. ಅಧ್ಯಕ್ಷ ಜೇಮ್ಸ್ ಬರ್ಕ್ ಅವರ ನೇತೃತ್ವದಲ್ಲಿ ಸುಮಾರು 3 ಕೋಟಿ 10 ಲಕ್ಷ ಸೀಸೆಗಳನ್ನು ದೇಶಾದ್ಯಂತ ಹಿಂದಕ್ಕೆ ತರಿಸಿಕೊಂಡರು. ಅವುಗಳ ಬೆಲೆ 10 ಕೋಟಿ ಡಾಲರುಗಳಿಗೂ ಮಿಕ್ಕಿದ್ದಿತು. ಮಾರುಕಟ್ಟೆಯಲ್ಲಿ ಶೇಕಡಾ 35ರಷ್ಟಿದ್ದ ಅವರ ಪಾಲು ಶೇಕಡಾ 8ರ ಆಸುಪಾಸಿಗೆ ಕುಸಿಯಿತು. ಯಾರಾದರೂ ತೆರೆದಿದ್ದರೆ ಒಡನೆ ತಿಳಿಯುವಂತಹ ಮೊಹರಿನ ಸೀಸೆಗಳಲ್ಲಿ ಔಷಧಿಯು ಮರಳಿ ಬಂದಿತು. ವರ್ಷದೊಳಗೆ ಕಳೆದ ಪಾಲಿನ ಬಹುಭಾಗವೂ ಮರಳಿತು. ಅಪರಾಧಿ ಮಾತ್ರ ಸಿಗಲಿಲ್ಲ.

ಇದಕ್ಕೆ ವ್ಯತಿರಿಕ್ತವಾದ ನಿದರ್ಶನ ನಮ್ಮ ದೇಶದ್ದೇ. ಹೈದರಾಬಾದಿನ ಸತ್ಯಂ ಕಂಪ್ಯೂಟರ್ ಸಂಸ್ಥೆಯು 2008ರಲ್ಲಿ ಉತ್ತಮ ಆಡಳಿತಕ್ಕಾಗಿ ಪ್ರಶಸ್ತಿಯನ್ನು ಪಡೆದಿದ್ದಿತು. 2009ರ ಜನವರಿ 7ರಂದು ಸ್ಥಾಪಕ ಅಧ್ಯಕ್ಷ ಬಿ. ರಾಮಲಿಂಗ ರಾಜು ಅವರೇ, ಲೆಕ್ಕಪತ್ರಗಳಲ್ಲಿ ತೋರಿಸಿದ್ದ 5,000 ಕೋಟಿ ರೂಪಾಯಿಗೂ ಹೆಚ್ಚಿನ ನಗದು ಮತ್ತು ಬ್ಯಾಂಕ್ ಶಿಲ್ಕು ಇಲ್ಲದ್ದೆಂದು ಪತ್ರ ಬರೆದು ಒಪ್ಪಿಕೊಂಡರು. ಅಂದೇ ಷೇರಿನ ಬೆಲೆ ಮುಕ್ಕಾಲು ಪಾಲಿಗಿಂತಲೂ ಹೆಚ್ಚು ಇಳಿಯಿತು. ಅದೇ ವರ್ಷ ಸಂಸ್ಥೆಯು ಪರರ ವಶವಾಯಿತು. 2015ರಲ್ಲಿ ನ್ಯಾಯಾಲಯವು ರಾಜು ಮೊದಲಾದವರನ್ನು ಅಪರಾಧಿಗಳೆಂದು ಘೋಷಿಸಿತು. ಪ್ರಶಸ್ತಿಯ ಫಲಕವು ಹೆಸರನ್ನು ಕಾಯಲಿಲ್ಲ.

ಒಮ್ಮೆ ಗಳಿಸಿದ ಕೀರ್ತಿಯು ಶಾಶ್ವತವೆಂದು ಭಾವಿಸುವುದೂ ಸಲ್ಲದು. ಟೈಲೆನಾಲ್ ಪ್ರಸಂಗದಲ್ಲಿ ಮೆಚ್ಚುಗೆ ಪಡೆದ ಅದೇ ಸಂಸ್ಥೆಯು, ತನ್ನ ಟಾಲ್ಕ್ ಮಿಶ್ರಿತ ಶಿಶು ಪೌಡರಿನ ವಿಷಯದಲ್ಲಿ ಸಾವಿರಾರು ಮೊಕದ್ದಮೆಗಳನ್ನು ಎದುರಿಸಬೇಕಾಯಿತು. ಪೌಡರು ನಿರಪಾಯಕಾರಿಯೆಂದೇ ಅದು ವಾದಿಸಿತು. ಆದರೂ 2020ರಲ್ಲಿ ಅಮೆರಿಕ, ಕೆನಡಗಳಲ್ಲಿ ಅದರ ಮಾರಾಟವನ್ನು ನಿಲ್ಲಿಸಿತು. ಹಳೆಯ ಕೀರ್ತಿಯು ಹೊಸ ಪ್ರಶ್ನೆಗೆ ಉತ್ತರವಾಗಲಾರದು.

ಆದುದರಿಂದ ಕೀರ್ತಿಯ ರಕ್ಷಣೆಯೆಂದರೆ ಜಾಹೀರಾತಿನ ಚಾತುರ್ಯವಲ್ಲ. ಅಪಾಯವನ್ನು ಮುಚ್ಚಿಡದೆ ಒಡನೆ ತಿಳಿಸುವುದು, ನಷ್ಟಕ್ಕಿಂತ ಗ್ರಾಹಕನ ಪ್ರಾಣವನ್ನು ದೊಡ್ಡದೆಂದು ಎಣಿಸುವುದು, ಲೆಕ್ಕವನ್ನು ಪರಿಶುದ್ಧವಾಗಿಡುವುದು — ಇವೇ ಅದರ ಸಾಧನಗಳು. ಹನ್ನೆರಡನೆಯ ಶತಮಾನದ ಶರಣರು ಕಾಯಕಕ್ಕೆ ಶುದ್ಧಿಯನ್ನು ವಿಧಿಸಿದರು. ನಡೆ ನುಡಿಗಳು ಒಂದಾಗಿರಬೇಕೆಂದರು. ವಾಣಿಜ್ಯವನ್ನು ಕಲಿಯುವ ವಿದ್ಯಾರ್ಥಿಗೆ ಲಾಭ ನಷ್ಟದ ಲೆಕ್ಕದೊಡನೆ ಈ ಪಾಠವನ್ನೂ ಬೋಧಿಸುವುದು ಶಿಕ್ಷಣ ಸಂಸ್ಥೆಗಳ ಹೊಣೆಯಾಗಿದೆ.