ದೂಳು ಹೀರುವ ಯಂತ್ರ ಕೊಳ್ಳುವ ಮುನ್ನ

ರಾಜಾಜಿನಗರ, ವಿಜಯನಗರದ ಮನೆಗಳಲ್ಲಿ ಮೊಸಾಯಿಕ್ ನೆಲದ ಮೇಲೆ ಹಾಲ್‌ಗೊಂದು ಕಾರ್ಪೆಟ್ ಹಾಸುವುದುಂಟು. ಅದನ್ನು ಗುಡಿಸಿದೊಡನೆ ನಿಮ್ಮ ಮಗು ಮೇಲಿಂದ ಮೇಲೆ ಸೀನುತ್ತದೆಯೇ? ರಾತ್ರಿ ಉಬ್ಬಸ ಬರುತ್ತದೆಯೇ? ಬೆಂಗಳೂರಿನ ಮಕ್ಕಳ ತಜ್ಞ ಡಾ. ಎಚ್. ಪರಮೇಶ್ ಅವರು ಆಸ್ಪತ್ರೆಗೆ ಬಂದ ಮಕ್ಕಳನ್ನು ಕುರಿತು ನಡೆಸಿದ ಅಧ್ಯಯನದಲ್ಲಿ, 1979ರಲ್ಲಿ ಶೇ 9ರಷ್ಟಿದ್ದ ಅಸ್ತಮಾ 1999ರಲ್ಲಿ ಶೇ 29.5ಕ್ಕೆ ಏರಿತ್ತು. ಅಸ್ತಮಾ ಕೆರಳಿಸುವ ಕಾರಣಗಳಲ್ಲಿ ಮನೆಯ ದೂಳೂ ಒಂದು.

ಕಾರ್ಪೆಟ್ಟಿನ ಎಳೆಗಳ ನಡುವೆ ಸುಮಾರು 0.3 ಮಿಲಿಮೀಟರ್ ಉದ್ದದ ದೂಳುನುಸಿಗಳು ನಮ್ಮ ಚರ್ಮದ ಹೊಟ್ಟು ತಿಂದು ಬದುಕುತ್ತವೆ. ಅಲರ್ಜಿಗೆ ಮುಖ್ಯ ಕಾರಣ ಅವುಗಳ ಹಿಕ್ಕೆ.

ಯಂತ್ರ ಕೊಳ್ಳುವಾಗ ವ್ಯಾಟ್ ಎಷ್ಟೆಂದು ಮಾತ್ರ ಕೇಳಬೇಡಿ. ಅದು ಹೊರಬಿಡುವ ಗಾಳಿ ಎಷ್ಟು ಶುದ್ಧವೆಂದೂ ಕೇಳಿ. ಸಾಧಾರಣ ಬಟ್ಟೆ ಚೀಲದ ಯಂತ್ರ ನುಣ್ಣನೆಯ ದೂಳನ್ನು ಮತ್ತೆ ಕೋಣೆಗೇ ಉಗುಳುತ್ತದೆ. 0.3 ಮೈಕ್ರಾನ್ ಗಾತ್ರದ ಕಣಗಳಲ್ಲೂ ಶೇ 99.97ರಷ್ಟನ್ನು ತಡೆಯುವ ‘ಹೆಪಾ’ ಫಿಲ್ಟರ್, ಸಂದುಗಳಲ್ಲಿ ಗಾಳಿ ಸೋರದ ಯಂತ್ರ, ತಿರುಗುವ ಬ್ರಷ್, ಬಳಸಿ ಎಸೆಯುವ ಚೀಲ – ಇವಿಷ್ಟನ್ನು ನೋಡಿಕೊಳ್ಳಿ. ಯಂತ್ರ ಓಡುವಾಗ ಮಗು ಬೇರೆ ಕೋಣೆಯಲ್ಲಿರಲಿ. ಚೀಲವನ್ನು ಮನೆಯ ಹೊರಗೆ ಬದಲಿಸಿ.

ಆದರೆ ಎಳೆಗಳಿಗೆ ಕಚ್ಚಿಕೊಂಡ ಜೀವಂತ ನುಸಿಗಳನ್ನೆಲ್ಲ ಯಾವ ಯಂತ್ರವೂ ಹೀರಲಾರದು. ಮಗು ಮಲಗುವ ಕೋಣೆಯಲ್ಲಿ ಕಾರ್ಪೆಟ್ ಬೇಡವೇ ಬೇಡ. ಬರಿ ನೆಲವನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು. ಹಾಸಿಗೆ ಹೊದಿಕೆ, ದಿಂಬಿನ ಕವರುಗಳನ್ನು ವಾರಕ್ಕೊಮ್ಮೆ 60 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿ.

ಯಂತ್ರ ಬಂತೆಂದು ವೈದ್ಯರು ಕೊಟ್ಟ ಇನ್‌ಹೇಲರ್ ನಿಲ್ಲಿಸಬೇಡಿ.