ಎರಡು ಸಾರ ಕೂಡಿದರೆ ಬಲ ಹೆಚ್ಚುತ್ತದೆಯೇ?

ಅರಸೀಕೆರೆಯ ಬಯಲಲ್ಲಿ ಬೇವು, ಹೊಂಗೆ. ಹಳೇಬೀಡಿನ ಹೊಲದ ಬದುಗಳಲ್ಲಿ ತುಂಬೆ, ಲಕ್ಕಿ. ಬೇಲೂರು ದಾಟಿ ಮಲೆನಾಡಿನತ್ತ ನಡೆದರೆ ಅಳಲೆ, ತಾರೆ, ನೆಲ್ಲಿ. ಮನೆಮದ್ದಿನಲ್ಲಿ ಇಂಥವನ್ನು ಎರಡು ಮೂರು ಸೇರಿಸಿ ಕಷಾಯ ಕಾಸುವ ರೂಢಿ ನಮ್ಮದು. ಸೇರಿಸಿದ್ದರಿಂದ ಬ್ಯಾಕ್ಟೀರಿಯಾ ತಡೆಯುವ ಶಕ್ತಿ ನಿಜಕ್ಕೂ ಹೆಚ್ಚಿತೇ ಎಂಬುದನ್ನು ಅಳೆದೇ ತಿಳಿಯಬೇಕು. ಆ ಅಳತೆ ಹೇಗೆಂದು ನೋಡೋಣ.

ಬ್ಯಾಕ್ಟೀರಿಯಾ ಹರಡಿದ ಅಗರ್ ಎಂಬ ಗಟ್ಟಿ ಲೋಳೆಯ ತಟ್ಟೆಯಲ್ಲಿ ಸಣ್ಣ ಗುಳಿ ಕೊರೆದು, ಗಿಡದಿಂದ ಆಲ್ಕೋಹಾಲಿನಲ್ಲಿ ತೆಗೆದ ಸಾರ ತುಂಬಿ, 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ರಾತ್ರಿ ಇಡುತ್ತಾರೆ. ಗುಳಿಯ ಸುತ್ತ ಏನೂ ಬೆಳೆಯದ ತಿಳಿ ವೃತ್ತ ಮೂಡಿದರೆ ಸಾರಕ್ಕೆ ತಡೆಯುವ ಗುಣವಿದೆ. ಸಾರ ತೆಗೆಯಲು ಬಳಸಿದ ಆಲ್ಕೋಹಾಲನ್ನಷ್ಟೇ ಇನ್ನೊಂದು ಗುಳಿಗೆ ಹಾಕಿ ಹೋಲಿಸುವುದನ್ನು ಮರೆಯಬೇಡಿ. ವೃತ್ತ ದೊಡ್ಡದಿದ್ದ ಮಾತ್ರಕ್ಕೆ ಸಾರ ಬಲವಾದದ್ದು ಎನ್ನಲಾಗದು. ಎಣ್ಣೆಯಂಥ ಅಂಶಗಳು ಅಗರ್‌ನಲ್ಲಿ ಸಲೀಸಾಗಿ ಹರಡುವುದಿಲ್ಲ.

ಆದ್ದರಿಂದ ಮುಂದಿನ ಹೆಜ್ಜೆ ಎಂಐಸಿ: ಬೆಳವಣಿಗೆ ನಿಲ್ಲಿಸಲು ಸಾಕಾಗುವ ಅತಿ ಕಡಿಮೆ ಸಾಂದ್ರತೆ. ಲೆಕ್ಕಕ್ಕೆಂದು ಹೀಗೆ ಇಟ್ಟುಕೊಳ್ಳಿ. ಒಂದು ಸಾರ ಒಂಟಿಯಾಗಿ ಮಿಲಿಲೀಟರಿಗೆ 8 ಮಿಲಿಗ್ರಾಂ ಬೇಕು, ಇನ್ನೊಂದು 4. ಜೊತೆಗೂಡಿದಾಗ 2 ಮತ್ತು 1 ಸಾಕಾಯಿತು. 2ನ್ನು 8ರಿಂದ, 1ನ್ನು 4ರಿಂದ ಭಾಗಿಸಿ ಕೂಡಿ: 0.25 + 0.25 = 0.5. ಇದೇ ಎಫ್‌ಐಸಿ ಸೂಚ್ಯಂಕ. ಅದು 0.5 ಅಥವಾ ಕಡಿಮೆಯಿದ್ದರೆ ಒಂದಕ್ಕೊಂದು ಬಲ ಕೊಟ್ಟಿವೆ; 4ನ್ನು ಮೀರಿದರೆ ಒಂದನ್ನೊಂದು ಕುಗ್ಗಿಸಿವೆ. ನಡುವೆ ಬಂದರೆ ವಿಶೇಷ ಸಹಕಾರವಿದೆ ಎನ್ನುವಂತಿಲ್ಲ.

ಬಲ ಹೆಚ್ಚುವುದಕ್ಕೆ ಕಾರಣವೇನು? ಪಶ್ಚಿಮ ಘಟ್ಟದ ಮರದರಿಶಿನದ ಹಳದಿ ಅಂಶ ಬರ್ಬರೀನ್. ಸ್ಟ್ಯಾಫಿಲೋಕಾಕಸ್ ಔರಿಯಸ್ ಎಂಬ ಬ್ಯಾಕ್ಟೀರಿಯಾ ಅದನ್ನು ತನ್ನ ಪೊರೆಯಲ್ಲಿರುವ ಪಂಪಿನಿಂದ ಹೊರದಬ್ಬುತ್ತದೆ. ಬರ್ಬರೀನ್ ಇರುವ ಬರ್ಬರಿಸ್ ಗಿಡಗಳಲ್ಲೇ ಆ ಪಂಪನ್ನು ತಡೆಯುವ ಇನ್ನೊಂದು ಅಂಶವೂ ಇದೆಯೆಂದು 2000ದಲ್ಲಿ ಅಮೆರಿಕದ ಸಂಶೋಧಕರು ತೋರಿಸಿದರು. ಆ ಎರಡನೆಯದಕ್ಕೆ ಸ್ವಂತವಾಗಿ ಬ್ಯಾಕ್ಟೀರಿಯಾ ತಡೆಯುವ ಶಕ್ತಿಯಿಲ್ಲ. ಬರ್ಬರೀನ್ ಒಳಗೇ ಉಳಿಯುವಂತೆ ಮಾಡುವುದೇ ಅದರ ಕೆಲಸ.

ಪ್ರಯೋಗಾಲಯದಲ್ಲಿ ಗೆದ್ದ ಮಿಶ್ರಣ ದೇಹದಲ್ಲೂ ಗೆಲ್ಲಬೇಕೆಂದಿಲ್ಲ. ಹೊಟ್ಟೆಯಲ್ಲಿ ಅದು ಒಡೆಯಬಹುದು, ರಕ್ತಕ್ಕೆ ಸಾಕಷ್ಟು ಸೇರದಿರಬಹುದು, ನಮ್ಮ ಜೀವಕೋಶಗಳಿಗೂ ಹಾನಿ ಮಾಡಬಹುದು. ಗಾಯ ಕೀವುಗಟ್ಟಿ ಜ್ವರ ಬಂದರೆ ವೈದ್ಯರನ್ನೇ ಕಾಣಿ. ಕಲಿಯಲು ಹೊರಟಿದ್ದರೆ ಗಿಡ ಯಾವುದು, ಯಾವ ಭಾಗ, ಯಾವ ಊರು, ಯಾವ ತಿಂಗಳು ಎಂದು ಮೊದಲು ಬರೆದಿಡಿ. ಒಂದೊಂದನ್ನೂ ಬೇರೆಯಾಗಿ ಅಳೆಯಿರಿ. ಬೆರೆಸುವುದು ಆಮೇಲೆ.